ಕಡಲ ತಳದ ಗುಡ್ಡಗಳು: ತಿರುಗುವ ಭೂಮಿಯ ಮೇಲೆ ನೀರು ಯಾರ ಮಾತು ಕೇಳುತ್ತೆ?

2014ರ ಮಾರ್ಚ್ 8ರಂದು ಕ್ವಾಲಾಲಂಪುರದಿಂದ ಬೀಜಿಂಗಿಗೆ ಹೊರಟ ಎಂಎಚ್ 370 ವಿಮಾನ 239 ಜನರೊಂದಿಗೆ ಕಣ್ಮರೆಯಾಯಿತು. ಅದು ಹಿಂದೂ ಮಹಾಸಾಗರದ ದಕ್ಷಿಣದಲ್ಲೆಲ್ಲೋ ಮುಳುಗಿರಬೇಕು ಅಂತ ಲೆಕ್ಕ ಹಾಕಿ ಹುಡುಕಲು ಹೋದವರಿಗೆ ಮೊದಲು ಎದುರಾದದ್ದು ನಕ್ಷೆಯ ಸಮಸ್ಯೆ. ಅಲ್ಲಿನ ಸಮುದ್ರತಳ ಹೇಗಿದೆ ಅನ್ನೋದೇ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಸೋನಾರ್ ಉಪಕರಣವನ್ನು ತಳದ ಹತ್ತಿರಕ್ಕೆ ಇಳಿಸಿ ಎಳೆದುಕೊಂಡು ಹೋಗಬೇಕು ಅಂದರೆ ಎದುರಿಗೆ ಬೆಟ್ಟ ಇದೆಯೋ ಕಮರಿ ಇದೆಯೋ ಗೊತ್ತಿರಬೇಕಲ್ಲ? ಹಾಗಾಗಿ ಮೊದಲು ತಳವನ್ನು ಅಳೆದರು, ಆಮೇಲೆ ವಿಮಾನ ಹುಡುಕಿದರು. 1,20,000 ಚದರ ಕಿಲೋಮೀಟರ್ ಜಾಲಾಡಿ 2017ರ ಜನವರಿಯಲ್ಲಿ ಕೈಬಿಟ್ಟರು. ಕರ್ನಾಟಕದ ಅರ್ಧಕ್ಕಿಂತ ದೊಡ್ಡ ಪ್ರದೇಶ ಅದು. ವಿಮಾನ ಸಿಗಲಿಲ್ಲ. ಆದರೆ ಅಳತೆಯಲ್ಲಿ ಕಂಡ ಬೆಟ್ಟ, ಕಡಿದಾದ ಅಂಚು, ಕಣಿವೆಗಳ ನಕ್ಷೆಯನ್ನು ಆಸ್ಟ್ರೇಲಿಯಾ ಸರ್ಕಾರ ಎಲ್ಲರಿಗೂ ಬಿಡುಗಡೆ ಮಾಡಿತು.

ನಾಲ್ಕು ಕಿಲೋಮೀಟರ್ ಆಳದ ಕತ್ತಲೆಯಲ್ಲಿರುವ ಗುಡ್ಡಗಳ ನಕ್ಷೆ ಇಟ್ಟುಕೊಂಡು ಏನು ಮಾಡೋದು ಅಂತ ಕೇಳಬಹುದು. ವಿಮಾನ ಹುಡುಕುವವರಿಗೆ ಮಾತ್ರ ಬೇಕಾದ ಸಂಗತಿ ಅಲ್ಲ ಅದು. ಮನುಷ್ಯರು ವಾತಾವರಣದಲ್ಲಿ ಕೂಡಿಹಾಕಿದ ಹೆಚ್ಚುವರಿ ಶಾಖದ ಸುಮಾರು ಶೇ. 90ರಷ್ಟನ್ನು ಸಮುದ್ರವೇ ನುಂಗಿಕೊಂಡಿದೆ. ಆ ಶಾಖ ಎಷ್ಟು ಆಳಕ್ಕೆ ಇಳಿಯುತ್ತೆ, ತಳದ ತಣ್ಣೀರು ಎಷ್ಟು ಬೇಗ ಮೇಲೆ ಬರುತ್ತೆ ಅನ್ನೋದನ್ನು ತೀರ್ಮಾನಿಸುವುದರಲ್ಲಿ ಈ ಗುಡ್ಡಗಳಿಗೆ ದೊಡ್ಡ ಪಾಲಿದೆ. ಕಾರಣ ಎರಡು: ನೀರು ಕದಡುತ್ತೆ, ಮತ್ತು ಭೂಮಿ ತಿರುಗುತ್ತೆ.

ತಿರುಗುವ ನೀರಿಗೆ ಬೆನ್ನುಮೂಳೆ ಇದೆ

ಒಂದು ತಪ್ಪು ಕಲ್ಪನೆಯನ್ನು ಮೊದಲು ಬದಿಗಿಡೋಣ. ಬಚ್ಚಲಿನ ತೂತಿನಲ್ಲಿ ನೀರು ಸುತ್ತುತ್ತಾ ಇಳಿಯೋದು ಭೂಮಿ ತಿರುಗುವುದರಿಂದ ಅಂತ ಎಷ್ಟೋ ವಿಡಿಯೊಗಳು ಹೇಳುತ್ತವೆ. ಅದು ಸುಳ್ಳು. ಬಚ್ಚಲು ಖಾಲಿಯಾಗಲು ಸೆಕೆಂಡುಗಳು ಸಾಕು, ಭೂಮಿಗೆ ಒಂದು ಸುತ್ತು ಮುಗಿಸಲು ಒಂದು ದಿನ ಬೇಕು. ಅಷ್ಟು ಅವಸರದ ನೀರಿಗೆ ಭೂಮಿಯ ತಿರುಗಾಟ ತಟ್ಟೋದೇ ಇಲ್ಲ. ಸಾಗರದ ದೊಡ್ಡ ಸುಳಿಗಳ ಕಥೆ ಬೇರೆ. ಅವು ನೂರು ಕಿಲೋಮೀಟರ್ ಅಗಲ ಇರುತ್ತವೆ, ವಾರಗಟ್ಟಲೆ, ತಿಂಗಳುಗಟ್ಟಲೆ ಬದುಕುತ್ತವೆ. ಅಂಥ ನಿಧಾನದ, ವಿಶಾಲವಾದ ಹರಿವಿನ ಮೇಲೆ ಭೂಮಿಯ ತಿರುಗಾಟದ್ದೇ ಯಜಮಾನಿಕೆ.

ಆ ಯಜಮಾನಿಕೆ ಎಂಥದ್ದು ಅಂತ ಕೇಂಬ್ರಿಡ್ಜ್‌ನ ಜಿ.ಐ. ಟೇಲರ್ 1923ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ನೀರು ತುಂಬಿದ ತೊಟ್ಟಿಯನ್ನು ಒಂದೇ ವೇಗದಲ್ಲಿ ತಿರುಗಿಸುತ್ತಾ, ತಳದಲ್ಲಿಟ್ಟಿದ್ದ ಒಂದು ಗಿಡ್ಡ ಸಿಲಿಂಡರನ್ನು ಮೆಲ್ಲಗೆ ಎಳೆದರು. ಅದರ ಮೇಲಿನ ನೀರಿಗೆ ಬಣ್ಣ ಬಿಟ್ಟು ನೋಡಿದರೆ, ಆ ನೀರೂ ಕಂಬದ ಹಾಗೆ ಸಿಲಿಂಡರಿನ ಜೊತೆಗೇ ಹೊರಟಿತು! ಅಕ್ಕಪಕ್ಕದ ನೀರು ಆ ಇಲ್ಲದ ಕಂಬವನ್ನು ಬಳಸಿಕೊಂಡು ಹೋಯಿತು. ಮೇಲೆ ಗಟ್ಟಿ ವಸ್ತು ಏನೂ ಇರಲಿಲ್ಲ, ಬರೀ ನೀರು. ಹೀಗಾಗಬೇಕು ಅಂತ ಜೋಸೆಫ್ ಪ್ರೌಡ್‌ಮನ್ 1916ರಲ್ಲೇ ಗಣಿತದಲ್ಲಿ ತೋರಿಸಿದ್ದರು. ಬೇಗ ತಿರುಗುವ ನೀರಿಗೆ ಲಂಬ ದಿಕ್ಕಿನಲ್ಲಿ ಒಂದು ಬಿಗಿ ಬರುತ್ತೆ. ಮೇಲಿನ ನೀರು, ಕೆಳಗಿನ ನೀರು ಬೇರೆ ಬೇರೆ ದಾರಿ ಹಿಡಿಯಲು ಒಪ್ಪೋದಿಲ್ಲ. ಅಂದರೆ ತಳದಲ್ಲಿರುವ ಗುಡ್ಡ ತಳದಲ್ಲೇ ಉಳಿಯೋದಿಲ್ಲ, ಅದರ ನೆರಳು ಮೇಲಕ್ಕೆ ಬೀಳುತ್ತೆ.

ಇಂಥ ಒಂದು ನೀರಿನ ಕಂಬ ಗುಡ್ಡ ಹತ್ತಬೇಕಾದರೆ ಗಿಡ್ಡವಾಗಿ ಅಗಲವಾಗಬೇಕು. ಆಫೀಸಿನ ತಿರುಗುವ ಕುರ್ಚಿಯಲ್ಲಿ ಕೂತು ಕೈ ಚಾಚಿದರೆ ವೇಗ ಇಳಿಯುತ್ತೆ, ಕೈ ಮಡಚಿದರೆ ಏರುತ್ತೆ ಅಲ್ವಾ, ನೀರಿನ ಕಂಬಕ್ಕೂ ಅದೇ ನಿಯಮ. ಗುಡ್ಡ ಹತ್ತಿದರೆ ಅದರ ಸುತ್ತುವಿಕೆ ಬದಲಾಗುತ್ತೆ, ಕಣಿವೆಗೆ ಇಳಿದರೆ ಇನ್ನೊಂದು ದಿಕ್ಕಿಗೆ ಬದಲಾಗುತ್ತೆ. ಈ ತಾಪತ್ರಯ ತಪ್ಪಿಸಿಕೊಳ್ಳಲು ಸುಲಭದ ದಾರಿ ಅಂದರೆ ಒಂದೇ ಆಳದ ಗೆರೆ ಹಿಡಿದು ಗುಡ್ಡವನ್ನು ಸುತ್ತುವುದು. ಘಾಟಿ ರಸ್ತೆ ಬೆಟ್ಟವನ್ನು ನೇರವಾಗಿ ಹತ್ತದೆ ಬಳಸಿಕೊಂಡು ಹೋಗುತ್ತಲ್ಲ, ಸುಮಾರು ಹಾಗೆ.

ಗದ್ದಲದಿಂದ ಹುಟ್ಟುವ ಸಾಲು

ಟರ್ಬುಲೆನ್ಸ್ ಅಂದ ತಕ್ಷಣ ವಿಮಾನದಲ್ಲಿ ಸೀಟ್ ಬೆಲ್ಟ್ ಹಾಕಿಕೊಳ್ಳಿ ಅನ್ನೋದು ನೆನಪಾಗುತ್ತೆ. ಅಂಥ ಸಾಮಾನ್ಯ ಕದಡಾಟದಲ್ಲಿ ದೊಡ್ಡ ಸುಳಿ ಒಡೆದು ಚಿಕ್ಕದಾಗುತ್ತೆ, ಚಿಕ್ಕದು ಇನ್ನೂ ಚಿಕ್ಕದಾಗುತ್ತೆ, ಕೊನೆಗೆ ಶಕ್ತಿಯೆಲ್ಲ ಶಾಖವಾಗಿ ಮುಗಿದುಹೋಗುತ್ತೆ. ವೇಗವಾಗಿ ತಿರುಗುವ ದ್ರವದಲ್ಲಿ ಇದು ಉಲ್ಟಾ. ಚಿಕ್ಕ ಸುಳಿಗಳು ಒಂದಕ್ಕೊಂದು ಕೂಡಿಕೊಂಡು ದೊಡ್ಡದಾಗುತ್ತವೆ. ತಳದಲ್ಲಿ ಗಟ್ಟಿ ನೆಲವೇ ಇಲ್ಲದ ಗುರುಗ್ರಹವನ್ನು ನೋಡಿ, ಅದರ ಮೇಲೆ ಗಾಳಿ ಅಚ್ಚುಕಟ್ಟಾದ ಪಟ್ಟೆಗಳಾಗಿ ಓಡುತ್ತೆ. ಅಲ್ಲಿನ ಪ್ರಸಿದ್ಧ ಕೆಂಪು ಮಚ್ಚೆಯ ಕೆಳಗೆ ಒಂದು ದಿಬ್ಬ ಇರಬೇಕು, ಮಚ್ಚೆ ಟೇಲರ್ ಕಂಡ ಕಂಬದಂಥದ್ದೇ ಇರಬೇಕು ಅಂತ 1961ರಲ್ಲಿ ರೇಮಂಡ್ ಹೈಡ್ ವಾದಿಸಿದ್ದರು. ಚೆಂದದ ವಾದ. ಆದರೆ ಗುರುವಿಗೆ ದಿಬ್ಬ ಇರಲು ನೆಲ ಬೇಕಲ್ಲ!

ನಮ್ಮ ಸಾಗರಕ್ಕೆ ನೆಲ ಇದೆ, ಅದೂ ಒರಟು ನೆಲ. ಅದರ ಮೇಲೆ ಸುಳಿಗಳು ದಿಕ್ಕೆಟ್ಟು ಅಲೆಯುತ್ತಿದ್ದರೂ ಫಲಿತಾಂಶ ಮಾತ್ರ ದಿಕ್ಕೆಟ್ಟಿರೋದಿಲ್ಲ. ಈ ಗದ್ದಲವೇ ಗುಡ್ಡಗಳ ಸುತ್ತ ಒಂದು ಸ್ಥಿರವಾದ ಪ್ರವಾಹವನ್ನು ಹುಟ್ಟಿಸುತ್ತೆ. ಉತ್ತರ ಗೋಳಾರ್ಧದಲ್ಲಿ ಅದು ಗುಡ್ಡವನ್ನು ಗಡಿಯಾರದ ಮುಳ್ಳಿನಂತೆ ಸುತ್ತುತ್ತೆ, ದಕ್ಷಿಣದಲ್ಲಿ ಅದಕ್ಕೆ ವಿರುದ್ಧವಾಗಿ. ಕೆನಡಾದ ಸಾಗರ ವಿಜ್ಞಾನಿ ಗ್ರೆಗ್ ಹಾಲೊವೇ ಇದನ್ನು 'ನೆಪ್ಚೂನ್ ಪರಿಣಾಮ' ಅಂತ ಕರೆದರು. ಇದಕ್ಕೆ ಒಳ್ಳೇ ಉದಾಹರಣೆ ಅರ್ಜೆಂಟೀನಾದ ಪೂರ್ವಕ್ಕೆ ಸಿಗುತ್ತೆ. ಅಲ್ಲಿ ಸುಮಾರು ಐದು ಕಿಲೋಮೀಟರ್ ಆಳದ ಸಮುದ್ರತಳದಲ್ಲಿ ಜಪಿಯೋಲಾ ಎಂಬ ಹೂಳಿನ ದಿಬ್ಬವಿದೆ, ಎತ್ತರ ಒಂದು ಕಿಲೋಮೀಟರಿನ ಆಸುಪಾಸು. ಅದನ್ನು ಸುತ್ತುವ ಪ್ರವಾಹ ಸೆಕೆಂಡಿಗೆ ಸುಮಾರು ಹತ್ತು ಕೋಟಿ ಘನ ಮೀಟರ್ ನೀರನ್ನು ಸಾಗಿಸುತ್ತೆ. ಭೂಮಿಯ ಎಲ್ಲ ನದಿಗಳನ್ನೂ ಒಟ್ಟು ಸೇರಿಸಿದರೂ ಅದರ ಐವತ್ತರಲ್ಲಿ ಒಂದು ಪಾಲು ಆಗೋದಿಲ್ಲ. ಇದನ್ನು ನಡೆಸುತ್ತಿರೋದು ಸುತ್ತಲಿನ ಸುಳಿಗಳ ಗದ್ದಲ, ಹಿಡಿದು ಕಟ್ಟಿಹಾಕಿರೋದು ಕೆಳಗಿನ ದಿಬ್ಬ.

ಒಂದು ತಿದ್ದುಪಡಿ ಮಾಡಬೇಕು. ಟೇಲರ್ ತೊಟ್ಟಿಯ ನೀರು ಮೇಲಿಂದ ಕೆಳಗೆ ಒಂದೇ ಥರ ಇತ್ತು. ಸಾಗರದಲ್ಲಿ ಮೇಲೆ ಬೆಚ್ಚಗಿನ ಹಗುರ ನೀರು, ಕೆಳಗೆ ತಣ್ಣಗಿನ ಭಾರದ ನೀರು. ಈ ಪದರಗಳು ಕಂಬದ ಬಿಗಿಯನ್ನು ಸಡಿಲ ಮಾಡುತ್ತವೆ. ಹಾಗಾಗಿ ಬಹಳ ಕಡೆ ಕಂಬದ ಬದಲು ಗುಡ್ಡದ ನೆತ್ತಿಗೆ ಟೋಪಿ ಹಾಕಿದಂತೆ ಸ್ವಲ್ಪ ನೀರು ಸಿಕ್ಕಿಬೀಳುತ್ತೆ. ಅರಬ್ಬೀ ಸಮುದ್ರದ ಲಕ್ಷ್ಮಿ ಬೇಸಿನ್‌ನಲ್ಲಿ ಸಿ.ವಿ. ರಾಮನ್, ಎನ್.ಕೆ. ಪಣಿಕ್ಕರ್, ಡಿ.ಎನ್. ವಾಡಿಯಾ ಅವರ ಹೆಸರಿನ ಮೂರು ಕಡಲಡಿಯ ಬೆಟ್ಟಗಳಿವೆ. ಬೆಂಗಳೂರಿನಲ್ಲಿ ರಾಮನ್ ಹೆಸರಿನ ರಸ್ತೆ ಎಲ್ಲರಿಗೂ ಗೊತ್ತು, ಬೆಟ್ಟ ಮಾತ್ರ ಯಾರಿಗೂ ಗೊತ್ತಿಲ್ಲ.

ಕಡಗೋಲು ಎಲ್ಲಿದೆ?

ಇಷ್ಟು ಹೊತ್ತು ನೋಡಿದ್ದು ದೊಡ್ಡ ಸುಳಿಗಳ ಕಥೆ. ಹವಾಮಾನಕ್ಕೆ ಅದಕ್ಕಿಂತ ನೇರವಾಗಿ ತಟ್ಟುವುದು ಚಿಕ್ಕ ಕದಡಾಟ, ಅಂಗೈ ಅಗಲದಿಂದ ಕೆಲವು ಮೀಟರ್‌ವರೆಗಿನದು.

ಧ್ರುವಗಳ ಹತ್ತಿರ, ಮುಖ್ಯವಾಗಿ ಅಂಟಾರ್ಕ್ಟಿಕಾದ ಅಂಚಿನಲ್ಲಿ, ತಣ್ಣಗಿನ ಭಾರದ ನೀರು ಮುಳುಗಿ ಸಾಗರಗಳ ತಳವನ್ನೆಲ್ಲ ತುಂಬುತ್ತಲೇ ಇರುತ್ತೆ. ಅದನ್ನು ಯಾರೂ ಮೇಲಿನ ಬೆಚ್ಚಗಿನ ನೀರಿನೊಂದಿಗೆ ಬೆರೆಸದೇ ಹೋದರೆ ಕೆಲವು ಸಾವಿರ ವರ್ಷಗಳಲ್ಲಿ ಇಡೀ ಸಾಗರ ಮೇಲೊಂದು ತೆಳು ಬೆಚ್ಚನೆ ಕೆನೆ ಇರುವ ತಣ್ಣೀರಿನ ಹೊಂಡ ಆಗಬೇಕಿತ್ತು. ಆಗಿಲ್ಲ. ಅಂದರೆ ಯಾರೋ ಕಡೆಯುತ್ತಿದ್ದಾರೆ. ಎಷ್ಟು ಜೋರಾಗಿ ಕಡೆಯಬೇಕು ಅಂತ 1966ರಲ್ಲಿ ವಾಲ್ಟರ್ ಮಂಕ್ ಲೆಕ್ಕ ಹಾಕಿದರು. ಆಮೇಲೆ ತೆರೆದ ಸಾಗರದ ನಡುವೆ ಉಪಕರಣ ಇಳಿಸಿ ಅಳೆದಾಗ ಸಿಕ್ಕಿದ್ದು ಅದರ ಹತ್ತನೇ ಒಂದು ಪಾಲು ಮಾತ್ರ. ಉಳಿದದ್ದು ಎಲ್ಲಿ? ದಶಕಗಟ್ಟಲೆ ಈ ಲೆಕ್ಕ ತಾಳೆಯಾಗಲಿಲ್ಲ.

1990ರ ದಶಕದ ಕೊನೆಯಲ್ಲಿ ದಕ್ಷಿಣ ಅಟ್ಲಾಂಟಿಕ್‌ನ ಬ್ರೆಜಿಲ್ ಬೇಸಿನ್‌ನಲ್ಲಿ ನಡೆದ ಅಳತೆ ಉತ್ತರದ ದೊಡ್ಡ ಭಾಗವನ್ನು ಕೊಟ್ಟಿತು. ಪಶ್ಚಿಮದ ನುಣುಪಾದ ಬಯಲಿನ ಮೇಲೆ ನೀರು ಹೆಚ್ಚುಕಮ್ಮಿ ಶಾಂತವಾಗಿತ್ತು. ಪೂರ್ವಕ್ಕೆ, ಮಧ್ಯ ಅಟ್ಲಾಂಟಿಕ್ ಪರ್ವತ ಸಾಲಿನ ಒರಟು ಇಳಿಜಾರಿನ ಮೇಲೆ, ಕದಡಾಟ ಹತ್ತಾರು ಪಟ್ಟು ಜೋರಾಗಿತ್ತು, ತಳಕ್ಕೆ ಹತ್ತಿರವಾದಷ್ಟೂ ಹೆಚ್ಚು. ಒಂದೇ ಸಾಗರ, ಒಂದೇ ಆಳ. ವ್ಯತ್ಯಾಸ ನೆಲದ್ದು.

ಸಮುದ್ರ ಮಥನದ ಕಥೆಯಲ್ಲಿ ಮಂದರ ಪರ್ವತವೇ ಕಡಗೋಲು. ಇಲ್ಲಿ ಬೆಟ್ಟ ನಿಂತೇ ಇರುತ್ತೆ, ನೀರೇ ಅದರ ಮೇಲೆ ಹಿಂದೆ ಮುಂದೆ ಓಡಾಡುತ್ತೆ. (ನಮ್ಮ ಹಿರಿಯರಿಗೆ ಇದೆಲ್ಲ ಮೊದಲೇ ಗೊತ್ತಿತ್ತು ಅಂತ ದಯವಿಟ್ಟು ವಾಟ್ಸಾಪ್‌ನಲ್ಲಿ ಹಾಕಬೇಡಿ.) ನೀರನ್ನು ಹಾಗೆ ಓಡಾಡಿಸೋದು ಉಬ್ಬರವಿಳಿತ, ಅಂದರೆ ಚಂದ್ರ ಮತ್ತು ಸೂರ್ಯನ ಸೆಳೆತ. ಪದರ ಪದರವಾಗಿರುವ ನೀರು ಗುಡ್ಡದ ಮೇಲೆ ಹಾಯುವಾಗ ಪದರಗಳು ಎದ್ದು ಬಿದ್ದು ಸಾಗರದ ಒಳಗೇ ಅಲೆಗಳು ಹುಟ್ಟುತ್ತವೆ. ದಕ್ಷಿಣ ಚೀನಾ ಸಮುದ್ರದಲ್ಲಿ ಇಂಥ ಒಳ ಅಲೆಗಳು 200 ಮೀಟರಿಗಿಂತ ಎತ್ತರಕ್ಕೆ ಬೆಳೆಯುತ್ತವೆ, ಮೇಲೆ ದೋಣಿಯಲ್ಲಿ ಕೂತವರಿಗೆ ಅವುಗಳ ಎತ್ತರದ ಅಂದಾಜೂ ಸಿಗೋದಿಲ್ಲ. ದಡದ ಅಲೆ ಒಡೆಯುವ ಹಾಗೆ ಇವೂ ಒಡೆಯುತ್ತವೆ, ಒಡೆದಲ್ಲಿ ನೀರು ಕಲಕುತ್ತೆ. ಉಪಗ್ರಹದ ಅಳತೆಗಳನ್ನು ಆಧರಿಸಿ ಎಗ್ಬರ್ಟ್ ಮತ್ತು ರೇ 2000ದಲ್ಲಿ ತೋರಿಸಿದ ಪ್ರಕಾರ ಉಬ್ಬರವಿಳಿತದ ಶಕ್ತಿಯಲ್ಲಿ ಸುಮಾರು 10 ಲಕ್ಷ ಮೆಗಾವ್ಯಾಟ್‌ನಷ್ಟು ಆಳ ಸಾಗರದ ಒರಟು ತಳಗಳ ಮೇಲೆ ಖರ್ಚಾಗುತ್ತೆ. ಭಾರತದ ಎಲ್ಲ ವಿದ್ಯುತ್ ಸ್ಥಾವರಗಳ ಸಾಮರ್ಥ್ಯದ ಸರಿಸುಮಾರು ಎರಡರಷ್ಟು ಅದು.

ಇಲ್ಲೂ ಭೂಮಿಯ ತಿರುಗಾಟ ಸುಮ್ಮನಿರೋದಿಲ್ಲ. ದಿನಕ್ಕೊಮ್ಮೆ ಬರುವ ಉಬ್ಬರ ಎಬ್ಬಿಸಿದ ಒಳ ಅಲೆಗಳು ಸುಮಾರು 30 ಡಿಗ್ರಿ ಅಕ್ಷಾಂಶ ದಾಟಿ ಧ್ರುವಗಳ ಕಡೆಗೆ ಸ್ವತಂತ್ರವಾಗಿ ಸಾಗಲಾರವು, ತಿರುಗಾಟ ತಡೆಯುತ್ತೆ. ದಿನಕ್ಕೆರಡು ಸಲದವು ಮಾತ್ರ ಇನ್ನೂ ಮುಂದೆ, ಸುಮಾರು 74 ಡಿಗ್ರಿವರೆಗೆ ಹೋಗುತ್ತವೆ. ಅಂದರೆ ಒಂದೇ ಆಕಾರದ ಗುಡ್ಡ ಅರಬ್ಬೀ ಸಮುದ್ರದಲ್ಲಿದ್ದರೆ ಒಂದು ಥರ ಕಡೆಯುತ್ತೆ, ಅಂಟಾರ್ಕ್ಟಿಕಾದ ಬಳಿ ಇದ್ದರೆ ಇನ್ನೊಂದು ಥರ.

ಆಮೇಲೆ 2016ರಲ್ಲಿ ಇನ್ನೊಂದು ತಿರುವು ಬಂತು. ಕದಡಾಟ ತಳದ ಹತ್ತಿರ ಹೆಚ್ಚು, ಮೇಲೆ ಕಡಿಮೆ ಅಂದರೆ ಏನಾಗಬೇಕು? ನಡುವಿನ ಒಂದು ಪದರ ಕೆಳಗಿನ ತಣ್ಣೀರಿನೊಂದಿಗೆ ಹೆಚ್ಚು ಬೆರೆಯುತ್ತೆ, ಮೇಲಿನ ಬೆಚ್ಚನೆ ನೀರಿನೊಂದಿಗೆ ಕಡಿಮೆ. ಹಾಗಾಗಿ ಅದು ತಣ್ಣಗಾಗಿ ಮುಳುಗಬೇಕು! ನೆಲಕ್ಕೆ ಅಂಟಿಕೊಂಡ ತೆಳು ಪದರಕ್ಕೆ ಮಾತ್ರ ಕೆಳಗಿನಿಂದ ತಣ್ಣೀರು ಸಿಗೋದಿಲ್ಲ, ಅಲ್ಲಿ ಕಲ್ಲು. ಅದು ಮೇಲಿನಿಂದ ಬೆಚ್ಚಗಾಗುತ್ತಾ ಹಗುರಾಗಿ ಇಳಿಜಾರು ಹಿಡಿದು ಮೇಲೇರುತ್ತೆ. ಅಂದರೆ ಆಳದ ನೀರು ಮೇಲೆ ಬರೋದು ಸಾಗರದ ಉದ್ದಗಲಕ್ಕೂ ಸಮನಾಗಿ ಅಲ್ಲ, ಗುಡ್ಡ ಕಣಿವೆಗಳ ಗೋಡೆ ಹಿಡಿದುಕೊಂಡು. ಇದು ಬರೀ ಕಾಗದದ ಮೇಲಿನ ವಾದವಾಗಿ ಉಳಿಯಲಿಲ್ಲ. 2021ರಲ್ಲಿ ಐರ್ಲೆಂಡ್ ಬಳಿಯ ರಾಕಾಲ್ ಟ್ರಫ್‌ನ ಒಂದು ಕಡಲಡಿಯ ಕಣಿವೆಯಲ್ಲಿ ಬಣ್ಣ ಬಿಟ್ಟು ನೋಡಿದರು. ನೀರು ಇಳಿಜಾರಿನ ಮೇಲೆ ದಿನಕ್ಕೆ ಸುಮಾರು 100 ಮೀಟರ್ ಲೆಕ್ಕದಲ್ಲಿ ಏರುತ್ತಿತ್ತು. ಫಲಿತಾಂಶ ಪ್ರಕಟವಾದದ್ದು 2024ರಲ್ಲಿ.

ನಮ್ಮ ಸಾಗರದ ತಳಕ್ಕೆ ಇದು ಇನ್ನೂ ಮುಖ್ಯ. ಹಿಂದೂ ಮಹಾಸಾಗರದ ಉತ್ತರ ದಿಕ್ಕು ಏಷ್ಯಾದಿಂದ ಮುಚ್ಚಿಹೋಗಿದೆ. ಅಂಟಾರ್ಕ್ಟಿಕಾದ ತಣ್ಣೀರು ನೈಋತ್ಯ ಹಿಂದೂ ಮಹಾಸಾಗರದ ಪರ್ವತ ಸಾಲಿನ ಬಿರುಕುಗಳ ಮೂಲಕ ತೂರಿಕೊಂಡು ಒಳಗೆ ಬರುತ್ತೆ, ಆದರೆ ಉತ್ತರದಲ್ಲಿ ಆಚೆ ಹೋಗಲು ಬಾಗಿಲಿಲ್ಲ. ಬಂದ ನೀರು ಇಲ್ಲಿನ ಗುಡ್ಡಗಳ ಮೇಲಿನ ಕದಡಾಟದಿಂದಲೇ ಬೆಚ್ಚಗಾಗಿ ಮೇಲೇರಬೇಕು.

ನಕ್ಷೆ ಯಾರ ಕೈಯಲ್ಲಿದೆ?

ಹವಾಮಾನ ಮಾದರಿಗಳು ಸಾಗರವನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತವೆ. ಬಹಳಷ್ಟು ಮಾದರಿಗಳಲ್ಲಿ ಒಂದು ಚೌಕದ ಅಗಲ 25ರಿಂದ 100 ಕಿಲೋಮೀಟರ್. ಸಮುದ್ರತಳದಲ್ಲಿ ಅತಿ ಹೆಚ್ಚಾಗಿರುವ ಗುಡ್ಡಗಳು ಕೆಲವು ನೂರು ಮೀಟರ್ ಎತ್ತರ, ಕೆಲವೇ ಕಿಲೋಮೀಟರ್ ಅಗಲದವು. ಚೌಕದೊಳಗೆ ಅವು ಕಾಣೋದೇ ಇಲ್ಲ. ಅವುಗಳ ಪರಿಣಾಮವನ್ನು ಒಂದು ಅಂದಾಜಿನ ಸೂತ್ರವಾಗಿ ಸೇರಿಸುತ್ತಾರೆ, ಮಿಕ್ಸಿಯ ಗುಬುಟು ತಿರುಗಿಸಿ ವೇಗ ಹೊಂದಿಸಿದ ಹಾಗೆ. ಇದನ್ನು ಹಿಡಿದುಕೊಂಡು ಯಾರಾದರೂ ತಾಪಮಾನ ಏರಿಕೆಯೇ ಸುಳ್ಳು ಅಂದರೆ ನಂಬಬೇಡಿ. ಏರಿಕೆಯನ್ನು ಥರ್ಮಾಮೀಟರ್‌ಗಳು ಹೇಳುತ್ತಿವೆ, ಕಾರಣ ನಾವು ಸುಡುವ ಕಲ್ಲಿದ್ದಲು ಮತ್ತು ತೈಲ. ಗುಡ್ಡಗಳ ಪ್ರಶ್ನೆ ಬರೋದು ಆಮೇಲೆ: ಆಳಕ್ಕೆ ಹೋದ ಶಾಖ ಮತ್ತು ಇಂಗಾಲ ಅಲ್ಲಿ ಎಷ್ಟು ಶತಮಾನ ಇರುತ್ತೆ, ಸಮುದ್ರಮಟ್ಟ ಎಲ್ಲಿ ಎಷ್ಟು ಏರುತ್ತೆ ಅನ್ನುವಲ್ಲಿ.

ಸೂತ್ರ ಸುಧಾರಿಸಬೇಕಾದರೆ ನೆಲ ಗೊತ್ತಿರಬೇಕು. ಎಲ್ಲ ದೇಶಗಳ ಅಳತೆಯನ್ನು ಒಟ್ಟುಗೂಡಿಸುವ ಸೀಬೆಡ್ 2030 ಯೋಜನೆಯ 2025ರ ಮಧ್ಯಭಾಗದ ಲೆಕ್ಕದಲ್ಲಿ, ಹಡಗಿನಿಂದ ನೇರವಾಗಿ ಅಳೆದಿರೋದು ಸಮುದ್ರತಳದ ಶೇ. 27.3. ಉಳಿದದ್ದು ಉಪಗ್ರಹದ ಊಹೆ. ಬೆಟ್ಟದ ಗುರುತ್ವ ನೀರನ್ನು ತನ್ನ ಕಡೆ ಎಳೆದು ಮೇಲ್ಮೈಯಲ್ಲಿ ಮೀಟರ್ ಲೆಕ್ಕದ ಉಬ್ಬು ಮಾಡುತ್ತೆ, ಉಪಗ್ರಹ ಅದನ್ನು ಅಳೆದು ಕೆಳಗೆ ಬೆಟ್ಟ ಇದೆ ಅನ್ನುತ್ತೆ. ದೊಡ್ಡ ಬೆಟ್ಟಕ್ಕೆ ಇದು ಸಾಕು. ಕದಡಾಟ ಹುಟ್ಟಿಸುವ ಸಣ್ಣ ಗುಡ್ಡಗಳು ಮಸುಕಾಗುತ್ತವೆ.

ಅಳೆದದ್ದೆಲ್ಲ ಹೊರಗೆ ಬಂದದ್ದೂ ಇಲ್ಲ. 1950ರ ದಶಕದಲ್ಲಿ ಮೇರಿ ಥಾರ್ಪ್ ಅಟ್ಲಾಂಟಿಕ್ ತಳದ ನಕ್ಷೆ ಬಿಡಿಸಿದರು, ಹೆಂಗಸರನ್ನು ಸಂಶೋಧನಾ ಹಡಗಿಗೆ ಹತ್ತಿಸದಿದ್ದ ಕಾಲದಲ್ಲಿ. ಪರ್ವತ ಸಾಲಿನ ನಡುವೆ ಬಿರುಕು ಕಣಿವೆ ಇದೆ ಅಂತ ಅವರು ಹೇಳಿದಾಗ ಸಹೋದ್ಯೋಗಿ ಬ್ರೂಸ್ ಹೀಜೆನ್ ಅದನ್ನು ಹೆಣ್ಣುಮಕ್ಕಳ ಹರಟೆ ಅಂತ ಮೊದಲು ತಳ್ಳಿಹಾಕಿದ್ದರು. ಕಣಿವೆ ಇತ್ತು. ಆದರೆ ನಿಖರ ಆಳದ ಗೆರೆಗಳಿರುವ ನಕ್ಷೆಗಳನ್ನು ಅಮೆರಿಕ ಗುಪ್ತವಾಗಿಟ್ಟಿತ್ತು. ಅದಕ್ಕೇ ಅವರಿಬ್ಬರ ಮೊದಲ ನಕ್ಷೆ ಸಂಖ್ಯೆಗಳಿಲ್ಲದ ಚಿತ್ರದ ರೂಪದಲ್ಲಿ ಬಂತು. ಅಮೆರಿಕದ ನೌಕಾಪಡೆಯ ಜಿಯೋಸ್ಯಾಟ್ ಉಪಗ್ರಹದ ಮಾಹಿತಿ ಹೊರಬರಲು 1995 ಆಗಬೇಕಾಯಿತು. ಸಬ್‌ಮರೀನ್ ಅಡಗಿಸುವವರಿಗೆ ಗುಡ್ಡಗಳು ಬೇಕು, ಆದರೆ ಎದುರಾಳಿಗೆ ಗೊತ್ತಾಗಬಾರದು.

ಈಗ ಇನ್ನೊಬ್ಬ ಗಿರಾಕಿ ಬಂದಿದ್ದಾನೆ, ಗಣಿಗಾರಿಕೆ. ಮಧ್ಯ ಹಿಂದೂ ಮಹಾಸಾಗರದ ಬಯಲಿನಲ್ಲಿ ಲೋಹದ ಗಂಟುಗಳನ್ನು ಹುಡುಕಲು ಭಾರತಕ್ಕೆ 75,000 ಚದರ ಕಿಲೋಮೀಟರ್ ಸಿಕ್ಕಿದೆ, ಅಂತಾರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದೊಂದಿಗೆ ಒಪ್ಪಂದ ಆದದ್ದು 2002ರಲ್ಲಿ. 2021ರಲ್ಲಿ ಕೇಂದ್ರ ಸಂಪುಟ 4,077 ಕೋಟಿ ರೂಪಾಯಿಯ ಡೀಪ್ ಓಷನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಕಾರ್ಲ್ಸ್‌ಬರ್ಗ್ ಪರ್ವತ ಸಾಲಿನಲ್ಲಿ ಸಲ್ಫೈಡ್ ಅದಿರು ಹುಡುಕಲು 10,000 ಚದರ ಕಿಲೋಮೀಟರಿನ ಹೊಸ ಒಪ್ಪಂದ ಆಯಿತು. (ಹೌದು, ಅದೇ ಬಿಯರ್. ಅದರ ಫೌಂಡೇಷನ್ ದುಡ್ಡಿನಲ್ಲಿ ಹೊರಟ ಡೆನ್ಮಾರ್ಕಿನ ಹಡಗು ಈ ಪರ್ವತ ಸಾಲನ್ನು ಕಂಡುಹಿಡಿದದ್ದಕ್ಕೆ ಆ ಹೆಸರು.)

ತಳ ಕೆರೆದರೆ ಹೂಳಿನ ಮೋಡ ಏಳುತ್ತೆ. ಪೆರು ದೇಶದ ಆಚೆ 1989ರಲ್ಲಿ ಪ್ರಯೋಗಕ್ಕೆಂದು ಉತ್ತ ಸಮುದ್ರತಳದ ಗೆರೆಗಳು 26 ವರ್ಷಗಳ ನಂತರವೂ ಹಾಗೇ ಕಾಣುತ್ತಿದ್ದವು. ಅದು ಶಾಂತ ಬಯಲಿನ ಕಥೆ. ಅಲ್ಲಿ ಮೋಡ ಹೆಚ್ಚು ಮೇಲೇಳದೆ ತಳದ ಮೇಲೇ ಹರಡಿ ಕೂರುವ ಸಾಧ್ಯತೆ ಜಾಸ್ತಿ. ಕಾರ್ಲ್ಸ್‌ಬರ್ಗ್ ಬಯಲಲ್ಲ, ಪರ್ವತ ಸಾಲು. ಒರಟು ನೆಲ, ಉಬ್ಬರವಿಳಿತ, ಗೋಡೆ ಹಿಡಿದು ಮೇಲೇರುವ ನೀರು, ಗುಡ್ಡವನ್ನು ಸುತ್ತುವ ಪ್ರವಾಹ, ಇಷ್ಟು ಹೊತ್ತು ಹೇಳಿದ್ದೆಲ್ಲ ಇಂಥ ಜಾಗಕ್ಕೇ ಸೇರಿದ್ದು. ಅಲ್ಲಿ ಎದ್ದ ಹೂಳು ಕಣಿವೆಯಲ್ಲೇ ಸುತ್ತುತ್ತಾ ಸಿಕ್ಕಿಬೀಳುತ್ತೋ, ಇಳಿಜಾರು ಹತ್ತಿ ಮೇಲಿನ ಪದರಗಳಿಗೆ ಹೋಗುತ್ತೋ ಅನ್ನೋದನ್ನು ಬಯಲಿನ ಪ್ರಯೋಗ ನೋಡಿ ಹೇಳಲಾಗದು. ಆ ಗುಡ್ಡಗಳ ಮೇಲೇ ಅಳೆಯಬೇಕು.

ಪ್ರಾಧಿಕಾರದ ನಿಯಮದಂತೆ ಗುತ್ತಿಗೆದಾರರು ಪರಿಸರದ ಆರಂಭಿಕ ಸ್ಥಿತಿಯನ್ನು ಅಳೆದು ಕೊಡಬೇಕು. ಪರಿಸರದ ಮಾಹಿತಿ ಸಾರ್ವಜನಿಕ, ಅದಿರಿನ ಮಾಹಿತಿ ಗುಪ್ತ. ತಳದ ಉಬ್ಬುತಗ್ಗುಗಳ ನಕ್ಷೆಯಾದರೋ ಅದಿರು ಎಲ್ಲಿದೆ ಅಂತಲೂ ಹೇಳುತ್ತೆ, ನೀರು ಎಲ್ಲಿ ಕದಡುತ್ತೆ ಅಂತಲೂ ಹೇಳುತ್ತೆ. ಅದು ಯಾವ ಪಟ್ಟಿಗೆ ಸೇರುತ್ತೆ? ಹುಡುಕಾಟದ ಒಪ್ಪಂದದ ಅವಧಿ 15 ವರ್ಷ, ಅಂದರೆ 2040ರವರೆಗೆ ನಾವು ಈ ಪ್ರಶ್ನೆಯನ್ನು ಕೇಳುತ್ತಲೇ ಇರಬಹುದು.